ಭೇದಿಯಾದ ಕರುವಿಗೆ ಉಪ್ಪುನೀರು: ಅಳತೆ ತಪ್ಪದಿರಲಿ

“ಕರುವಿಗೆ ಭೇದಿ, ನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕುಡಿಸಿದೆ ಡಾಕ್ಟ್ರೇ” ಎನ್ನುವ ಅಕ್ಕಂದಿರಿದ್ದಾರೆ. ಯೋಚನೆ ಸರಿ, ಅಳತೆ ತಪ್ಪು.

ನೀರಿಗೆ ಬಿದ್ದ ಉಪ್ಪು ಮಾಯವಾಗುವುದಿಲ್ಲ. ಸೋಡಿಯಂ, ಕ್ಲೋರೈಡ್ ಎಂಬ ಕಣಗಳಾಗಿ ಬಿಡಿಸಿಕೊಂಡು ಹರಡುತ್ತದೆ. ಭೇದಿಯಲ್ಲಿ ಕರು ನೀರಿನ ಜೊತೆ ಈ ಸೋಡಿಯಂ ಅನ್ನೂ ಕಳೆದುಕೊಳ್ಳುತ್ತದೆ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಸೋಡಿಯಂ ಅನ್ನು ಚೆನ್ನಾಗಿ ಹೀರುತ್ತದೆ, ಅದರ ಹಿಂದೆ ನೀರೂ ಮೈಗೆ ಸೇರುತ್ತದೆ. ಉಪ್ಪು ಹೆಚ್ಚಾದರೆ ಉಲ್ಟಾ: ಮೈಯೊಳಗಿನ ನೀರೇ ಕರುಳಿಗೆ ಇಳಿದು ಭೇದಿ ಜೋರಾಗುತ್ತದೆ.

ಕುದಿಸಿ ಆರಿಸಿದ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ತಲೆ ಸವರಿದ 1 ಟೀ ಚಮಚ ಉಪ್ಪು, 5 ಚಮಚ ಗ್ಲೂಕೋಸ್ ಪುಡಿ ಹಾಕಿ. ನಾಲಿಗೆಗೆ ಹಚ್ಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ. ಸಕ್ಕರೆ, ಬೆಲ್ಲ ಬೇಡ. ನಮ್ಮ ಮಕ್ಕಳಿಗೆ ಅದು ಒಗ್ಗುತ್ತದೆ, ಎಳೆಗರುವಿನ ಕರುಳು ಅದನ್ನು ಅರಗಿಸಲಾರದು.

ಹಾಲು ನಿಲ್ಲಿಸಬೇಡಿ. ಹಾಲು ಕುಡಿದು ಎರಡು ಗಂಟೆಯ ಮೇಲೆ ಈ ನೀರು ಕೊಡಿ, ದಿನಕ್ಕೆ ಎರಡು ಮೂರು ಸಲ, ಒಂದೊಂದು ಲೀಟರ್.

ಕಣ್ಣು ಗುಳಿಬಿದ್ದು, ಚೀಪದೆ ಮಲಗಿದ ಕರುವಿಗೆ ಗೊಟ್ಟದಲ್ಲಿ ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಅದಕ್ಕೆ ರಕ್ತನಾಳಕ್ಕೇ ಸಲೈನ್ ಏರಿಸಬೇಕು. ಅದೂ ಉಪ್ಪುನೀರೇ, ಲೀಟರಿಗೆ 9 ಗ್ರಾಂ. ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರನ್ನು ಕರೆಯಿರಿ.