ನೂರಕ್ಕೆ ಚಿಲ್ಲರೆ

ಪ್ರಶ್ನೆ: ನಾನು ರಾಯಚೂರು ನಗರದಲ್ಲಿದ್ದೇನೆ. ದಿನಾ ಬಸ್ಸು ಹಿಡಿದು ದೇವದುರ್ಗ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗುತ್ತೇನೆ. ಆರನೇ ತರಗತಿಗೆ ಗಣಿತ ನನ್ನದು. ಪುಸ್ತಕದಲ್ಲಿ ಭಿನ್ನರಾಶಿ ನಡೆಯುತ್ತಿದೆ, ಅರ್ಧ ಮಕ್ಕಳಿಗೆ ಮೂರಂಕಿಯ ಕಳೆಯುವ ಲೆಕ್ಕವೇ ಬರುವುದಿಲ್ಲ. ನನ್ನ ಮಗಳೂ ಆರನೇ ತರಗತಿಯೇ. ನಗರದ ಖಾಸಗಿ ಶಾಲೆ, ಸಂಜೆ ಟ್ಯೂಷನ್. ಅವಳ ನೋಟ್‌ಬುಕ್ ನೋಡಿದಾಗಲೆಲ್ಲ ನನ್ನ ಶಾಲೆಯ ಮಕ್ಕಳಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸುತ್ತದೆ. ಹಿಂದಕ್ಕೆ ಹೋದರೆ ಪಾಠ ಮುಗಿಯುವುದಿಲ್ಲ, ಮುಂದಕ್ಕೆ ಹೋದರೆ ಮಕ್ಕಳು ಜೊತೆಗೆ ಬರುವುದಿಲ್ಲ. ಏನು ಮಾಡಲಿ ಅಕ್ಕಾ?
– ಹೆಸರು ಬೇಡ, ರಾಯಚೂರು

ತಂಗಿ, ಪತ್ರದ ಜೊತೆ ನೀವು ಇಟ್ಟಿದ್ದ ಹುಡುಗನ ಹಾಳೆಯನ್ನು ಬಹಳ ಹೊತ್ತು ನೋಡಿದೆ. 402ರಲ್ಲಿ 178 ಕಳೆದು 376 ಬರೆದಿದ್ದಾನೆ. ನೀವು ಕೆಂಪು ಗೆರೆ ಎಳೆದಿದ್ದೀರಿ. ಆದರೆ ಅವನು ಮನಸ್ಸಿಗೆ ಬಂದದ್ದು ಗೀಚಿಲ್ಲ. 8ರಲ್ಲಿ 2, 7ರಲ್ಲಿ ಸೊನ್ನೆ, 4ರಲ್ಲಿ 1 – ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾನೆ. ಅವನಿಗೊಂದು ನಿಯಮವಿದೆ, ಅದು ತಪ್ಪು ನಿಯಮ. ಪಕ್ಕದಲ್ಲಿ ಕೂತು ‘ಹೆಂಗ ಮಾಡಿದಿ ಹೇಳಪಾ’ ಎಂದು ಇಷ್ಟು ವರ್ಷ ಯಾರೂ ಕೇಳಿಲ್ಲ. ನೀವು ಮೊದಲು ಮಾಡಬೇಕಾದ್ದು ಅದನ್ನೇ. ದಿನಕ್ಕೆ ನಾಲ್ಕು ಮಕ್ಕಳಂತೆ ಕೂರಿಸಿಕೊಂಡು ಕೇಳಿ. ಎರಡು ವಾರದಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದು ನಿಮಗೆ ತಿಳಿಯುತ್ತದೆ.

ನಾನೂ ಮಾನ್ವಿ ತಾಲ್ಲೂಕಿನ ಹಳ್ಳಿಯಲ್ಲಿ ಪಾಠ ಮಾಡಿದವಳು. ‘ಪಕ್ಕದ ಮನಿಯಿಂದ ಒಂದು ಸಾಲ ತಗೋ’ ಎಂದೇ ಕಲಿಸುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, ‘ಟೀಚರ್, ಆ ಸಾಲ ತಿರುಗಿ ಯಾವಾಗ ಕೊಡಬೇಕ್ರಿ?’ ಎಂದಳು. ತರಗತಿ ನಕ್ಕಿತು, ನಾನು ಗದರಿಸಿ ಕೂರಿಸಿದೆ. ಸಾಲ ಅಂದರೇನೆಂದು ಮನೆಯಲ್ಲೇ ಕಂಡಿದ್ದ ಮಗು ಅದು. ಕೇಳಿದ್ದು ಸರಿಯಾಗಿತ್ತು. ಕಳೆಯುವ ಲೆಕ್ಕದಲ್ಲಿ ಯಾರೂ ಸಾಲ ಕೊಡುವುದಿಲ್ಲ, ತೀರಿಸುವುದೂ ಇಲ್ಲ. ಅಲ್ಲಿ ನಡೆಯುವುದು ಚಿಲ್ಲರೆ ಮಾಡಿಸುವ ಕೆಲಸ. ಇದು ಹೊಳೆಯಲು ನನಗೆ ವರ್ಷಗಳೇ ಬೇಕಾದವು. ಅಷ್ಟರಲ್ಲಿ ಆ ಹುಡುಗಿ ಶಾಲೆ ಬಿಟ್ಟಿದ್ದಳು.

ನಾಳೆ ರಟ್ಟಿನ ನೋಟು ಹಂಚಿ. 402 ಅಂದರೆ ನೂರರ ನೋಟು ನಾಲ್ಕು, ಹತ್ತರದು ಇಲ್ಲವೇ ಇಲ್ಲ, ಒಂದರ ನಾಣ್ಯ ಎರಡು. ಅಂಗಡಿಯವನಿಗೆ 178 ಕೊಡಬೇಕು. ಒಂದು ನೂರನ್ನು ಹತ್ತು ಹತ್ತರ ನೋಟು ಮಾಡಿಸಲಿ, ಅದರಲ್ಲೊಂದನ್ನು ಹತ್ತು ನಾಣ್ಯ ಮಾಡಿಸಲಿ. ಈಗ ಕೈಯಲ್ಲಿ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ. ಕೊಟ್ಟ ಮೇಲೆ ಉಳಿದ 224 ಕಣ್ಣೆದುರೇ ಇರುತ್ತದೆ. ನೋಟು ಆಡಿದ ದಿನವೇ ಅದರ ಚಿತ್ರ ಬರೆಸಿ, ಪಕ್ಕದಲ್ಲೇ ಅಂಕಿಯಲ್ಲೂ ಬರೆಸಿ. ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಅಂಕಿಗೆ ಬರುವ ಈ ದಾರಿಯಲ್ಲೇ ಅಕ್ಷರ ಫೌಂಡೇಶನ್ನಿನ ‘ಗಣಿತ ಕಲಿಕಾ ಆಂದೋಲನ’ ನಮ್ಮ ಭಾಗದ ಸರ್ಕಾರಿ ಶಾಲೆಗಳಿಗೆ ಕಿಟ್ ಕೊಟ್ಟಿತ್ತು. ನಿಮ್ಮ ಶಾಲೆಯ ಅಲ್ಮಾರಿಯಲ್ಲೂ ಇದ್ದೀತು, ಹುಡುಕಿ ನೋಡಿ.

ಕನ್ನಡದ ಎಣಿಕೆಯೇ ನಿಮ್ಮ ನೆರವಿಗಿದೆ. ಇಪ್ಪತ್ತರಲ್ಲಿ ಎರಡು ಹತ್ತು, ಮೂವತ್ತರಲ್ಲಿ ಮೂರು ಹತ್ತು ಅಡಗಿವೆ, ಒಡೆದು ತೋರಿಸಿ. ತಾಂಡಾದಿಂದ ಬರುವ ಮಕ್ಕಳು ಮನೆಯಲ್ಲಿ ಲಂಬಾಣಿಯಲ್ಲಿ ಎಣಿಸುತ್ತಾರೆ. ಮೊದಲು ಅದರಲ್ಲೇ ಎಣಿಸಲಿ, ತಡೆಯಬೇಡಿ.

ನಿಮ್ಮ ಹುಡುಗ ಹತ್ತಿ ಬಿಡಿಸಲು ಹೋಗುವವನಾದರೆ, ಎಷ್ಟು ಕೆಜಿಗೆ ಎಷ್ಟು ಕೂಲಿ ಎಂದು ಕೇಳಿ. ಬಾಯಲ್ಲೇ ಹೇಳಿಬಿಡುತ್ತಾನೆ. ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ನಡೆದು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಕಂಡದ್ದೂ ಇದನ್ನೇ: ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುವ ಮಕ್ಕಳು ಶಾಲೆಯ ರೀತಿಯ ಲೆಕ್ಕಕ್ಕೆ ತಡವರಿಸಿದರು, ಶಾಲೆಯ ಲೆಕ್ಕ ಬಲ್ಲವರು ವ್ಯಾಪಾರದ ಲೆಕ್ಕದಲ್ಲಿ ಸೋತರು. ಎರಡರ ನಡುವೆ ಸೇತುವೆ ಕಟ್ಟುವುದು ಟೀಚರ ಕೆಲಸ. ಅವನು ಬಾಯಲ್ಲಿ ಹೇಳಿದ್ದನ್ನು ಅವನ ಕೈಯಿಂದಲೇ ಬೋರ್ಡಿನ ಮೇಲೆ ಬರೆಸಿ.

ಇನ್ನು ಪಾಠ ಮುಗಿಸುವ ಭಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪಠ್ಯ ಮುಗಿಸಿ ಎನ್ನುತ್ತದೆ ನಿಜ. ಅದರ ಬೆನ್ನಿಗೇ, ಪ್ರತಿ ಮಗುವಿನ ಕಲಿಕೆ ಅಳೆದು ಅಗತ್ಯವಿದ್ದರೆ ಹೆಚ್ಚುವರಿ ಪಾಠ ಮಾಡಿ ಎಂದೂ ಹೇಳುತ್ತದೆ. ಕೋವಿಡ್ ನಂತರ 2022–23ರಲ್ಲಿ ‘ಕಲಿಕಾ ಚೇತರಿಕೆ’ ಎಂದು ಇಡೀ ರಾಜ್ಯವೇ ಹಿಂದಿನ ತರಗತಿಯ ಕಲಿಕೆಗೆ ಮರಳಿತ್ತು. ಮುಖ್ಯ ಗುರುಗಳ ಹತ್ತಿರ ಮಾತಾಡಿ ದಿನಕ್ಕೆ ಅರ್ಧ ಗಂಟೆ ಕೇಳಿಕೊಳ್ಳಿ. ಆ ಅರ್ಧ ಗಂಟೆ ನಾಲ್ಕು, ಐದು, ಆರನೇ ತರಗತಿ ಎಂಬ ಭೇದ ಬೇಡ. ಕಳೆಯುವುದು ಬಾರದವರು ಒಂದು ಕಡೆ, ಭಾಗಾಕಾರ ಬಾರದವರು ಒಂದು ಕಡೆ ಕೂರಲಿ. ಪ್ರಥಮ್ ಸಂಸ್ಥೆ ಬಹಳ ವರ್ಷಗಳಿಂದ ಹೀಗೆ ಮಾಡುತ್ತಿದೆ. ಇದರಿಂದ ಕಲಿಕೆ ಏರಿತೆಂದು ತೋರಿಸಿದವರಲ್ಲಿ 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದಾರೆ. ಉಳಿದ ಪಿರಿಯಡ್‌ನಲ್ಲಿ ಭಿನ್ನರಾಶಿ ನಡೆಯಲಿ, ರೊಟ್ಟಿ ಮುರಿದು ಶುರುಮಾಡಿ.

ಮಗಳ ವಿಷಯದಲ್ಲಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಅವಳ ಪಕ್ಕ ಸಂಜೆ ಕೂರಲು ಓದಿದ ತಾಯಿಯಿದ್ದಾಳೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದಾಗ ರಾಯಚೂರು ಜಿಲ್ಲೆಯದು ಶೇ 60ನ್ನೂ ಮುಟ್ಟಿರಲಿಲ್ಲ. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬರುತ್ತಿರಲಿಲ್ಲ. ನಿಮ್ಮ ಶಾಲೆಯ ಮಕ್ಕಳಿಗೆ ಆ ಸಂಜೆ ಇಲ್ಲ, ಆದ್ದರಿಂದ ಹೋಂವರ್ಕ್ ಕೊಟ್ಟು ಕಳಿಸಿದರೆ ಕೆಲಸ ಆಗದು. ಶಾಲೆಯಲ್ಲೇ ಮುಗಿಸಿ ಕಳಿಸಿ.

ದಸರಾ ರಜೆ ಮುಗಿಯುವಷ್ಟರಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ, ಕೆಲವರ ಮನೆಯವರು ಗುಳೆ ಹೊರಡುತ್ತಾರೆ. ಯಾವ ಮಗು ಯಾವ ಲೆಕ್ಕದ ತನಕ ಬಂದಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ತಿರುಗಿ ಬಂದ ದಿನ ಅಲ್ಲಿಂದಲೇ ಹಿಡಿಯಬಹುದು.