ಅಚ್ಚು ಮತ್ತು ಹದ

ಪದವಿಚಾರ

ಕನ್ನಡದಲ್ಲಿ ‘ಅಚ್ಚು’ ಎಂಬ ಪದದ ಅರ್ಥವ್ಯಾಪ್ತಿ ಬಹು ವಿಶಾಲವಾದುದು. ಬಂಡಿಯ ಗಾಲಿಗಳೆರಡನ್ನು ಕೂಡಿಸಿ ಹಿಡಿಯುವ ಇರುಸೂ ಅಚ್ಚೇ. ಕರಗಿದ ಲೋಹವನ್ನು ಎರೆಯುವ ಪಡಿಯೂ ಅಚ್ಚೇ. ಕಾಗದದ ಮೇಲೆ ಅಕ್ಷರವನ್ನು ಮೂಡಿಸುವ ಮೊಳೆಯೂ ಅಚ್ಚೇ. ಮಗನು ತಂದೆಯನ್ನೇ ಹೋಲಿದರೆ ‘ಪಡಿಯಚ್ಚು’ ಎನ್ನುತ್ತೇವೆ. ಕೇಳಿದ ಮಾತು ಮರೆಯದೆ ಉಳಿದರೆ ‘ಮನದಲ್ಲಿ ಅಚ್ಚೊತ್ತಿತು’ ಎನ್ನುತ್ತೇವೆ. ಸಂಸ್ಕೃತದ ‘ಮುದ್ರೆ’ ಇದಕ್ಕೆ ಸಮೀಪವರ್ತಿಯಾದ ಶಬ್ದ.

ಆದರೆ ಅಚ್ಚೊಂದರಿಂದಲೇ ರೂಪ ಮೂಡುವುದಿಲ್ಲ. ಅದನ್ನು ಸ್ವೀಕರಿಸುವ ವಸ್ತುವಿಗೆ ‘ಹದ’ ಬೇಕು. ಬಿತ್ತುವ ನೆಲಕ್ಕೆ ಹದ, ಕುಂಬಾರನ ಮಣ್ಣಿಗೆ ಹದ, ಪಾಕಕ್ಕೆ ಹದ, ಆಡುವ ಮಾತಿಗೂ ಹದ. ಅಚ್ಚು ಹೊರಗಿನಿಂದ ಬರತಕ್ಕದ್ದು. ಹದವು ಒಳಗೆ ಸಿದ್ಧವಾಗತಕ್ಕದ್ದು. ಇವೆರಡರ ಸಂಬಂಧವನ್ನು ಅರಿಯುವುದಕ್ಕೆ ಅಡುಗೆಮನೆಗಿಂತ ಉತ್ತಮವಾದ ಪಾಠಶಾಲೆಯಿಲ್ಲ. ಇಂದು ಕೇಕಿನ ಮೇಲಣ ಸಕ್ಕರೆಯ ಹೊದಿಕೆಗೆ ಚಿತ್ತಾರವನ್ನು ಒತ್ತುವ ಕಲೆಯು ಇದೇ ಪಾಠದ ಹೊಸದೊಂದು ಅಧ್ಯಾಯ.

ಎರೆಯುವ ಅಚ್ಚು, ಒತ್ತುವ ಅಚ್ಚು

ಅಚ್ಚಿನ ಕೆಲಸದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಎರೆಯುವುದು. ಹಳೆಯ ಮೈಸೂರಿನ ಕಡೆ ಸಂಕ್ರಾಂತಿಗೆ ಎಳ್ಳುಬೆಲ್ಲದೊಡನೆ ಹಂಚುವ ಸಕ್ಕರೆ ಅಚ್ಚು, ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಹಿಡಿಯುವ ಸಕ್ಕರೆ ಆರತಿ, ಇವು ಈ ವರ್ಗಕ್ಕೆ ಸೇರಿದವು. ಮರದ ಅಚ್ಚನ್ನು ನೀರಿನಲ್ಲಿ ನೆನೆಯಿಸಿ, ಜೋಡಿಸಿ ಬಿಗಿದು, ಸಕ್ಕರೆಯ ಪಾಕಕ್ಕೆ ಹಾಲು ಬಿಟ್ಟು ಕೊಳೆಯನ್ನು ತೆಗೆದು, ಹದವರಿತು ಎರೆಯುತ್ತಾರೆ. ಪಾಕ ಎಳೆಯದಾದರೆ ಆನೆಯ ಸೊಂಡಿಲು ನಿಲ್ಲದು. ಮಿತಿಮೀರಿದರೆ ಪಾಕವು ಅಚ್ಚಿನ ಮೂಲೆಮೂಲೆಗೆ ಹರಿಯುವ ಮೊದಲೇ ಹರಳುಗಟ್ಟುವುದು.

ಎರಡನೆಯದು ಒತ್ತುವುದು. ಇದರ ಉದಾಹರಣೆಗಾಗಿ ಕಲ್ಲಡ್ಕದ ಸುತ್ತಿನ ಸೀಮೆಯಿಂದ ದೂರ ಹೋಗಬೇಕಾಗಿಲ್ಲ. ಶ್ರಾವಣದ ನಾಗರಪಂಚಮಿಗೆ ಈ ಕರಾವಳಿಯ ಮನೆಗಳಲ್ಲಿ ಅರಸಿನದ ಎಲೆಯ ಕಡುಬು ತಪ್ಪದು. ನೆನೆದ ಅಕ್ಕಿಯನ್ನು ಗಟ್ಟಿಯಾಗಿ ಅರೆದು, ತೊಳೆದ ಎಲೆಯ ಮೇಲೆ ತೆಳ್ಳಗೆ ಸವರಿ, ಕಾಯಿಬೆಲ್ಲದ ಹೂರಣವನ್ನಿಟ್ಟು, ನಡುನರದ ಗುಂಟ ಮಡಿಚಿ ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಎಲೆಯನ್ನು ಸುಲಿದರೆ ಕಡುಬಿನ ಮೈಮೇಲೆ ಎಲೆಯ ಗೆರೆಗಳು ಒಂದರ ಪಕ್ಕದಲ್ಲೊಂದು ಮೂಡಿರುತ್ತವೆ. ಯಾವ ಕೆತ್ತನೆಗಾರನೂ ಕೆತ್ತದ ಅಚ್ಚು ಅದು. ಪರಿಮಳವನ್ನೂ ಕೊಟ್ಟು ಚಿತ್ತಾರವನ್ನೂ ಕೊಡುತ್ತದೆ. ಹಿಟ್ಟು ನೀರಾದರೆ ಎಲೆಯಿಂದ ಜಾರುವುದು. ಅತಿ ಗಟ್ಟಿಯಾದರೆ ಬಿರಿಯುವುದು.

ಈ ಜಿಲ್ಲೆಗೆ ಒತ್ತುವ ವಿದ್ಯೆ ಬೇರೆ ದಾರಿಯಿಂದಲೂ ಪರಿಚಿತ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಹದಗೊಂಡ ಮಣ್ಣಿನ ಹಲ್ಲೆಯನ್ನು ಅಚ್ಚಿನಲ್ಲಿಟ್ಟು ಒತ್ತಿದಾಗ ಹಂಚಿನ ರೂಪದೊಡನೆ ಕಾರ್ಖಾನೆಯ ಹೆಸರೂ ಅದರ ಮೇಲೆ ಮೂಡುತ್ತಿತ್ತು. ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚುಗಳಲ್ಲಿ ಆ ಅಕ್ಷರಗಳನ್ನು ಇಂದಿಗೂ ಓದಬಹುದು. ಒದ್ದೆ ಮಣ್ಣಿನಲ್ಲಿ ಕ್ಷಣಮಾತ್ರದಲ್ಲಿ ಬಿದ್ದ ಮುದ್ರೆ ಒಲೆಯನ್ನು ದಾಟಿ, ನೂರು ಮಳೆಗಾಲಗಳನ್ನು ದಾಟಿ ಉಳಿದಿದೆ.

ಪರದೇಶಗಳಲ್ಲಿಯೂ ಈ ಪದ್ಧತಿ ಪುರಾತನವೇ. ಜರ್ಮನಿಯಲ್ಲಿ ‘ಸ್ಪ್ರಿಂಗರ್ಲೆ’ ಎಂಬ ಬಿಸ್ಕತ್ತನ್ನು ಕೆತ್ತಿದ ಮರದ ಅಚ್ಚಿನಿಂದ ಒತ್ತಿ, ಬೇಯಿಸುವ ಮೊದಲು ಬಹುಹೊತ್ತು ಆರಲು ಬಿಡುತ್ತಾರೆ. ಮೇಲ್ಮೈ ಒಣಗಿ ನಿಂತರೆ ಚಿತ್ರ ಬಿಸಿಯಲ್ಲಿ ಕೆಡದು ಎಂಬುದು ಅದರ ಮರ್ಮ.

ಕೇಕಿನ ಮೇಲೆ ಪ್ರಯೋಗ

ಈಗ ಊರೂರುಗಳಲ್ಲಿ ಹುಟ್ಟುಹಬ್ಬಕ್ಕೂ ಮದುವೆಗೂ ಕೇಕು ಬಂದಿದೆ. ಮನೆಯಲ್ಲಿಯೇ ಕೇಕು ಮಾಡಿ ನಾಲ್ಕು ಕಾಸು ಸಂಪಾದಿಸುವ ಗೃಹಿಣಿಯರೂ ಇದ್ದಾರೆ. ಅವರ ಕೈಗೆ ಬಂದಿರುವ ಸಾಧನ ಸಿಲಿಕೋನಿನ ಅಥವಾ ಪ್ಲಾಸ್ಟಿಕ್ಕಿನ ಅಚ್ಚಿನ ಹಾಸು. ಬಲೆ, ಬುಟ್ಟಿಯ ಹೆಣಿಗೆ, ಇಟ್ಟಿಗೆಯ ಗೋಡೆ, ಮರದ ತೊಗಟೆ, ಹೂಬಳ್ಳಿ ಮುಂತಾದ ಉಬ್ಬುಚಿತ್ತಾರಗಳು ಅದರಲ್ಲಿರುತ್ತವೆ. ಇದನ್ನು ಒತ್ತುವುದು ಮುಖ್ಯವಾಗಿ ಫಾಂಡೆಂಟ್ ಎಂಬ ಸಕ್ಕರೆಯ ಕಣಕದ ಮೇಲೆ.

ಕ್ರಮವು ಹೀಗೆ. ಕಣಕವನ್ನು ಮೃದುವಾಗುವವರೆಗೆ ನಾದಬೇಕು. ಬೆರಳಿನಿಂದ ಒತ್ತಿದಾಗ ಗುಳಿಯ ಅಂಚು ಸ್ಪಷ್ಟವಾಗಿ ನಿಲ್ಲಬೇಕು, ಬೆರಳಿಗೆ ಅಂಟಬಾರದು; ಇದೇ ಹದದ ಪರೀಕ್ಷೆ. ಅನಂತರ ಸುಮಾರು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಬೇಕು. ತೀರ ತೆಳುವಾದರೆ ಚಿತ್ತಾರ ಇಳಿಯಲು ಎಡೆಯಿಲ್ಲದೆ ಹರಿಯುವುದು. ಮೇಲೆ ಮೆಕ್ಕೆಜೋಳದ ಹಿಟ್ಟನ್ನು ಧೂಳಿನಷ್ಟೇ ಉದುರಿಸಬೇಕು; ಹೆಚ್ಚಾದರೆ ಗೆರೆಗಳ ಸಂದಿನಲ್ಲಿ ಬಿಳಿದಾಗಿ ಕುಳಿತು ಮೈಯನ್ನೂ ಒಣಗಿಸುವುದು. ಒಣಗಿದ ಶುಚಿಯಾದ ಹಾಸನ್ನು ಹಾಸಿ, ಲಟ್ಟಣಿಗೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಮಭಾರದಿಂದ ಒಂದೇ ಬಾರಿ ಉರುಳಿಸಬೇಕು. ಸಾಲದೆಂದು ಹಿಂದಕ್ಕೆ ಉರುಳಿಸಿದರೆ ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ಬಿದ್ದು ಇಡಿಯ ಚಿತ್ರ ಕಲಸಿಹೋಗುತ್ತದೆ. ಬರೆದುದನ್ನು ತಿದ್ದಬಹುದು, ಒತ್ತಿದುದನ್ನು ತಿದ್ದಲಾಗದು. ಕಣಕವನ್ನು ಮುದ್ದೆಮಾಡಿ ಮತ್ತೆ ಮೊದಲಿನಿಂದ ತೊಡಗಬೇಕು.

ಹಾಸನ್ನು ಮೂಲೆಯಿಂದ ಮೆಲ್ಲಗೆ ಎತ್ತಿದ ಮೇಲೂ ಎಚ್ಚರ ಬೇಕು. ಕೇಕಿನ ಮೇಲೆ ಹೊದಿಸುವಾಗ ಎಳೆದರೆ ಚಿತ್ತಾರವೂ ಹಿಗ್ಗಿ ವಕ್ರವಾಗುತ್ತದೆ. ಆದುದರಿಂದ ಬಲ್ಲವರು ಮೇಲ್ಭಾಗಕ್ಕೆ ಬೇರೆ, ಸುತ್ತಿಗೆ ಬೇರೆ ಪಟ್ಟಿಯನ್ನು ಕತ್ತರಿಸಿ ಕೂಡಿಸುತ್ತಾರೆ. ಇಲ್ಲವೆ ಹೊದಿಸಿದ ಕೂಡಲೇ, ಮೇಲ್ಮೈ ಆರುವ ಮುನ್ನ, ಹಾಸನ್ನು ಕೇಕಿನ ಮೇಲೆಯೇ ಇಟ್ಟು ಅಂಗೈಯಿಂದ ಒತ್ತುತ್ತಾರೆ. ಒಳಗಿನ ಕೇಕು ಉಬ್ಬುತಗ್ಗಾಗಿದ್ದರೆ ಎಷ್ಟು ಸುಂದರವಾದ ಹಾಸೂ ಅದನ್ನು ಮುಚ್ಚಲಾರದು.

ಮಳೆನಾಡಿನ ಕಷ್ಟ

ಈ ಕಲೆಗೆ ಕರಾವಳಿಯ ಆಷಾಢ ಶ್ರಾವಣಗಳು ಕಠಿಣ ಪರೀಕ್ಷೆಯ ತಿಂಗಳುಗಳು. ಸಕ್ಕರೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಬೆಳಗ್ಗೆ ಸ್ಪಷ್ಟವಾಗಿದ್ದ ಬಲೆಯ ಚಿತ್ತಾರ ಸಂಜೆಗೆ ಬೆವರಿ, ಅಂಚು ಕರಗಿ ಮಸುಕಾಗುವುದುಂಟು. ತಂಪುಪೆಟ್ಟಿಗೆಯಿಂದ ಹೊರಗೆ ತೆಗೆದ ಕೇಕಿನ ಮೇಲೆ ನೀರಿನ ಹನಿ ಕೂಡುವುದೂ ಇದರಿಂದಲೇ ಹೆಚ್ಚು. ಗೊತ್ತಾದ ಹೊತ್ತಿಗೆ ಕೇಕನ್ನು ಒಪ್ಪಿಸಬೇಕಾದ ಗೃಹಿಣಿಗೆ ಇದು ಚಿತ್ತಾರದ ನಷ್ಟ ಮಾತ್ರವಲ್ಲ, ದಿನದ ದುಡಿಮೆಯ ನಷ್ಟ. ಕಣಕವನ್ನು ಬಿಗಿಗೊಳಿಸುವ ಸಿ.ಎಂ.ಸಿ. ಪುಡಿಯನ್ನು ಸ್ವಲ್ಪ ಸೇರಿಸಿ ನಾದುವುದು, ಫ್ಯಾನಿನ ಗಾಳಿಯಲ್ಲಿ ಆರಿಸುವುದು, ಒಯ್ಯುವ ದಿನವೇ ಒತ್ತುವುದು, ಇವು ಬಳಕೆಯಲ್ಲಿರುವ ಉಪಾಯಗಳು. ಅಂಗಡಿಯಿಂದ ತಂದ ಹಾಸು ಎಲ್ಲ ಊರಿಗೂ ಒಂದೇ. ಹದ ಮಾತ್ರ ಊರೂರಿಗೆ, ಋತುಋತುವಿಗೆ ಬೇರೆ. ಅದನ್ನು ಅಂಗಡಿಯಲ್ಲಿ ಕೊಳ್ಳಲಾಗದು.

ಕಲ್ಲಡ್ಕದ ಹೆಸರನ್ನು ದೂರಕ್ಕೆ ಒಯ್ದಿರುವ ಕೆ.ಟಿ. ಎಂಬ ಚಹಾದಲ್ಲಿಯೂ ಇದೇ ತತ್ತ್ವ. ಕೆಳಗೆ ಹಾಲು, ಮೇಲೆ ಚಹಾದ ಡಿಕಾಕ್ಷನ್. ಎರಡೂ ಬೆರೆಯದೆ ನಿಲ್ಲುವುದು ಹದದಿಂದಲೂ ಸುರಿಯುವ ಕೈಯ ಸಾವಧಾನದಿಂದಲೂ. ಸಾಮಗ್ರಿ ಎಲ್ಲರ ಮನೆಯಲ್ಲಿಯೂ ಉಂಟು. ಕೈ ಎಲ್ಲರಿಗೂ ಇಲ್ಲ.

ಉಪಸಂಹಾರ

ಅಚ್ಚಿನ ಮೇಲೆ ಒಂದು ಆಕ್ಷೇಪವಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಶಿಲ್ಪಿಯ ಉಳಿಯು ಕಂಬದಿಂದ ಕಂಬಕ್ಕೆ ಹೊಸದನ್ನು ಕಂಡಿತು. ಅಚ್ಚಾದರೋ ಒಂದನ್ನೇ ನೂರು ಬಾರಿ ಹೇಳುತ್ತದೆ, ಆದುದರಿಂದ ಅದು ಕಲೆಯಲ್ಲ ಎಂಬುದೇ ಆ ಆಕ್ಷೇಪ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಹಾಸಿನ ಚಿತ್ತಾರವನ್ನು ಬರೆದವರು ಬೇರೆ, ಒತ್ತುವವರು ಬೇರೆ. ಆದರೆ ಎಲೆಕಡುಬನ್ನು ಮಾಡುವ ಅಜ್ಜಿಯೂ ಎಲೆಯ ಗೆರೆಗಳನ್ನು ಬರೆದವಳಲ್ಲ. ಹಿಟ್ಟಿನ ಹದವನ್ನು ಬೆರಳಿನಿಂದಲೇ ಅರಿಯುವುದರಲ್ಲಿ, ಎಷ್ಟು ಸವರಬೇಕು, ಯಾವಾಗ ಸುಲಿಯಬೇಕು ಎಂಬ ವಿವೇಕದಲ್ಲಿ ಅವಳ ಕಲೆಯಿದೆ. ಅದೇ ಬೆರಳು ಸಕ್ಕರೆಯ ಕಣಕವನ್ನು ಮುಟ್ಟಿದರೆ ಹೊಸ ವಿದ್ಯೆಯೂ ಅದಕ್ಕೆ ಬೇಗನೆ ಒಲಿಯುತ್ತದೆ.

ಎಷ್ಟೋ ಮನೆಗಳಲ್ಲಿ ಮರದ ಸಕ್ಕರೆ ಅಚ್ಚುಗಳು ಅಟ್ಟ ಸೇರಿವೆ. ಅವನ್ನು ಒರೆಸಿ ಇಳಿಸಿ, ಅವುಗಳ ಗಿಣಿಯನ್ನೂ ತೇರನ್ನೂ ಕೇಕಿನ ಕಣಕದ ಮೇಲೆ ಒತ್ತಿ ನೋಡಬಹುದು. ತೊಳೆದ ಅರಸಿನದ ಎಲೆಯನ್ನೂ ಒತ್ತಿ ನೋಡಬಹುದು. ಅಚ್ಚು ಹಳತಾಗಲಿ ಹೊಸತಾಗಲಿ, ಕಲಿಯಬೇಕಾದದ್ದು ಎರಡೇ: ಹದ ಬರುವವರೆಗೆ ಕಾಯುವುದು, ಹದ ಬಂದಾಗ ಒಂದೇ ಬಾರಿ, ನಡುಗದ ಕೈಯಿಂದ ಒತ್ತುವುದು. ಎಳೆಯರ ಮನಸ್ಸಿನ ಮೇಲೆ ಅಕ್ಷರವನ್ನು ಒತ್ತುವ ಕೆಲಸದಲ್ಲಿರುವ ಉಪಾಧ್ಯಾಯರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.