ಟಿಲ್ಲರ್ ಚಾಲೂ ಆಗದಿದ್ದರೆ ಎಲ್ಲ ತಪ್ಪೂ ಪಂಪಿನದಲ್ಲ



ಸಂಘದ ಹೆಸರಿನಲ್ಲಿ ಹಳೆಯ ಪವರ್ ಟಿಲ್ಲರ್ ಇಟ್ಟುಕೊಂಡು ಬಾಡಿಗೆಗೆ ಕೊಡುವವರಿಂದ ಮಳೆಗಾಲ ಬಂತೆಂದರೆ ಒಂದೇ ಮಾತು ಕೇಳುತ್ತೇವೆ: "ಗಾಡಿ ಚಾಲೂ ಆಗವಲ್ದು ಸಿಸ್ಟರ್, ಪಂಪ್ ಹೋಗೇತಂತ ಮಿಸ್ತ್ರಿ ಹೇಳ್ಯಾನ." ಜಾಂಬೋಟಿ, ಕಣಕುಂಬಿ ಕಡೆ ನಾಟಿಗೆ ಗದ್ದೆ ಕೆಸರು ಮಾಡುವ ದಿನಗಳೇ ಕೆಲವು. ಆಗ ಗಾಡಿ ನಿಂತರೆ ಬಾಡಿಗೆ ಹೋಯಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಆ ಗಡಿಬಿಡಿಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ಹೊಸ ಪಂಪ್ ಹಾಕಿಸುತ್ತೇವೆ. ಹಾಕಿದ ಮೇಲೂ ಕೆಲವು ಸಲ ಗಾಡಿ ಚಾಲೂ ಆಗುವುದಿಲ್ಲ. ಯಾಕೆಂದರೆ ಕೆಟ್ಟದ್ದು ಪಂಪ್ ಆಗಿರಲೇ ಇಲ್ಲ.

ಈ ಪಂಪ್ ಏನು ಮಾಡುತ್ತದೆ ಎಂದು ಮೊದಲು ತಿಳಿಯೋಣ. ಬೆಂಗಳೂರಿನ ವಿ.ಎಸ್.ಟಿ. ಶಕ್ತಿ, ಕೇರಳ ಸರ್ಕಾರದ ಕಂಪನಿಯ ಕ್ಯಾಮ್ಕೋ, ಇವು ನಮಗೆಲ್ಲ ಗೊತ್ತಿರುವ 12-13 ಎಚ್.ಪಿ. ಟಿಲ್ಲರುಗಳು. ಎರಡರಲ್ಲೂ ಡೀಸೆಲ್ ಟಾಕಿ ಎತ್ತರದಲ್ಲಿದೆ. ಡೀಸೆಲ್ ತನ್ನಷ್ಟಕ್ಕೆ ಇಳಿದು ನಲ್ಲಿ, ಫಿಲ್ಟರ್ ದಾಟಿ ಪಂಪಿಗೆ ಬರುತ್ತದೆ. ಪಂಪಿನೊಳಗೆ ಪ್ಲಂಜರ್ ಎಂಬ ಸಣ್ಣ ಉಕ್ಕಿನ ಕಡ್ಡಿ ಇದೆ. ಎಂಜಿನ್ನಿನ ಕ್ಯಾಮ್ ಅದನ್ನು ಮೇಲಕ್ಕೆ ದೂಡಿದಾಗ ಡೀಸೆಲ್ ಪೈಪಿನಲ್ಲಿ ನುಗ್ಗಿ ನಾಜಲ್‌ನಿಂದ ಮಂಜಿನ ಹಾಗೆ ಸಿಡಿಯುತ್ತದೆ. ಆಗಿನ ಒತ್ತಡ ಚದರ ಸೆಂಟಿಮೀಟರಿಗೆ 100 ಕೆಜಿಗೂ ಹೆಚ್ಚು. ಕಾರಿನ ಗಾಲಿಯಲ್ಲಿರುವುದು ಸುಮಾರು 2 ಕೆಜಿ. ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ನಮ್ಮ ತಲೆಗೂದಲಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಒಂದು ಹನಿ ನೀರು, ಒಂದು ಚಿಟಿಕೆ ಮಣ್ಣು ಸಾಕು ಅದು ಕೆಡಲು. ಹಿಂದೆ ಉಳಿತಾಯಕ್ಕೆಂದು ರೇಷನ್ನಿನ ಚಿಮಣಿ ಎಣ್ಣೆ ಬೆರೆಸುವ ರೂಢಿ ಇತ್ತು. ಪ್ಲಂಜರಿಗೆ ಡೀಸೆಲ್ಲಿನ ಜಿಡ್ಡೇ ಎಣ್ಣೆ. ಚಿಮಣಿ ಎಣ್ಣೆಗೆ ಆ ಜಿಡ್ಡು ಇಲ್ಲ, ಪ್ಲಂಜರ್ ಬೇಗ ಸವೆಯುತ್ತದೆ.

ಈಗ ಪರೀಕ್ಷೆ. ಇದಕ್ಕೆ ಮಿಸ್ತ್ರಿ ಬೇಡ, ಎರಡು ಪಾನಾ ಮತ್ತು ಸ್ವಚ್ಛ ಬಟ್ಟೆ ಸಾಕು. ಪಂಪಿಗೆ ಬರುವ ಪೈಪ್ ಬಿಚ್ಚಿ, ನಲ್ಲಿ ತೆರೆದು ನೋಡಿ. ಡೀಸೆಲ್ ಧಾರೆಯಾಗಿ ಬೀಳಬೇಕು. ಹನಿಹನಿಯಾಗಿ ಬಂದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಟಾಕಿಯ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಮುಚ್ಚಳ ಸಡಿಲ ಮಾಡಿದ ಕೂಡಲೇ ಧಾರೆ ಬಂದರೆ ತೂತಿನದೇ ದೋಷ ಅಂತ ತಿಳಿಯಿರಿ. ಅದನ್ನು ಪಿನ್ನಿನಿಂದ ಬಿಡಿಸಿದರೆ ಆಯಿತು. ಧಾರೆ ಸರಿ ಇದ್ದರೆ ಪೈಪ್ ಮತ್ತೆ ಜೋಡಿಸಿ, ಪಂಪಿನ ಬಾಯಿಯ ಬೋಲ್ಟ್ ಅರ್ಧ ಸುತ್ತು ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಡೀಸೆಲ್ ಪೂರ್ತಿ ಖಾಲಿಯಾಗಿ ಗಾಡಿ ನಿಂತಾಗ ಒಳಗೆ ಗಾಳಿ ಹೊಕ್ಕಿರುತ್ತದೆ. ಅದನ್ನು ತೆಗೆಯದೆ ಹ್ಯಾಂಡಲ್ ಹೊಡೆದರೆ ತೋಳು ನೋಯುತ್ತದೆ ಅಷ್ಟೇ.

ಆಮೇಲೆ ಆಕ್ಸಿಲೇಟರ್ ಚಾಲೂ ಜಾಗದಲ್ಲಿಟ್ಟು, ಹ್ಯಾಂಡಲ್ ಹಗುರಾಗಲು ಹಿಡಿಯುವ ಲಿವರ್ ಹಿಡಿದು, ನಿಧಾನ ತಿರುಗಿಸಿ ಕಿವಿಗೊಡಿ. ನಾಜಲ್‌ನಿಂದ "ಕಿರ್ರ್, ಕಿರ್ರ್" ಎಂಬ ಸದ್ದು ಬರಬೇಕು. ಬಂದರೆ ಪಂಪ್ ಒತ್ತುತ್ತಿದೆ ಎಂದರ್ಥ. ಸದ್ದಿಲ್ಲದಿದ್ದರೆ ನಾಜಲ್ ಕಡೆಯ ನಟ್ ಸಡಿಲಿಸಿ ಮತ್ತೆ ತಿರುಗಿಸಿ. ಅಲ್ಲಿ ಡೀಸೆಲ್ ಜಿಗಿಯುತ್ತಿದ್ದರೆ ಮೊದಲು ನಾಜಲ್ ತೋರಿಸಿ. ಡೀಸೆಲ್ ಸುಮ್ಮನೆ ಜಿನುಗಿದರೆ, ಅಥವಾ ಏನೂ ಬಾರದಿದ್ದರೆ, ಆಗ ಪಂಪಿನ ಮೇಲೆ ಸಂಶಯ ಪಡಬಹುದು. ಇನ್ನೊಂದು ಗುರುತು ಎಂಜಿನ್ ಆಯಿಲ್. ಆಯಿಲ್ ಕಡಿಮೆಯಾಗುವ ಬದಲು ಏರುತ್ತಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಪಂಪಿನಿಂದ ಡೀಸೆಲ್ ಒಳಗೆ ಸೋರುತ್ತಿರಬಹುದು. ಹಾಗೆಯೇ ಓಡಿಸಿದರೆ ಬೇರಿಂಗ್ ಹೋಗಿ ಪಂಪಿಗಿಂತ ಎಷ್ಟೋ ದೊಡ್ಡ ಬಿಲ್ಲು ಬರುತ್ತದೆ.

ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ. ನಾಜಲ್ ಬಿಚ್ಚಿ ಹೊರಗೆ ಸಿಡಿಸಿ ನೋಡುವಾಗ ಯಾರೂ ಕೈ ಅಡ್ಡ ಹಿಡಿಯಬಾರದು. ಆ ಸಿಡಿತ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರುವುದಿಲ್ಲ, ಆದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯ ಅದು. ಅರಿಶಿನ ಹಚ್ಚಿ ಕೂರಬೇಡಿ, ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಿ.

ಪಂಪಿನದೇ ದೋಷ ಎಂದಾದರೂ ಇಡೀ ಪಂಪ್ ಬದಲಿಸಬೇಕೆಂದೇನಿಲ್ಲ. ಒಳಗಿನ ಪ್ಲಂಜರ್ ಜೋಡಿಗೆ ಅಂಗಡಿಯಲ್ಲಿ ಎಲಿಮೆಂಟ್ ಅನ್ನುತ್ತಾರೆ. ಅದು ಮತ್ತು ಡಿಲಿವರಿ ವಾಲ್ವ್ ಬಿಡಿಯಾಗಿ ಸಿಗುತ್ತವೆ. ಮಳೆಗಾಲವಿಡೀ ನಿಂತ ಗಾಡಿಯಲ್ಲಿ ಪ್ಲಂಜರ್ ತುಕ್ಕಿನಿಂದ ಹಿಡಿದುಕೊಂಡಿರುವುದೂ ಉಂಟು. ಹೀಗಾಗಿ ಪಂಪ್ ಬಿಚ್ಚಿದ ಮೇಲೆ ಡೀಸೆಲ್ ಪಂಪ್ ಟೆಸ್ಟಿಂಗ್ ಯಂತ್ರ ಇರುವ ಅಂಗಡಿಗೆ ಒಯ್ಯಿರಿ. ಬೆಳಗಾವಿಯವರೆಗೆ ಹೋದರೂ ಲಾಭವೇ. ಹೊಸದೇ ಬೇಕಾದರೆ ಹಳೆಯ ಪಂಪಿನ ಮೇಲಿನ ನಂಬರ್ ಬರೆದುಕೊಂಡು ಅದೇ ನಂಬರಿನದು ತನ್ನಿ. ನೋಡಲು ಒಂದೇ ತರಹ ಇದ್ದರೂ ಎಲ್ಲವೂ ಎಲ್ಲಕ್ಕೂ ಕೂಡುವುದಿಲ್ಲ.

ಬಿಚ್ಚುವ, ಕೂಡಿಸುವ ಕೆಲಸ ಮಿಸ್ತ್ರಿ ಮಾಡಲಿ, ಆದರೆ ಸಂಘದ ಇಬ್ಬರು ಪಕ್ಕದಲ್ಲೇ ನಿಲ್ಲಿ. ಮಿಸ್ತ್ರಿಗಳು ಮನೆಯ ಗಂಡಸರಿಗೆ ವಿವರ ಹೇಳಿ ಹೆಂಗಸರ ಕಡೆ ಬಿಲ್ಲು ಚಾಚುವುದನ್ನು ನೋಡಿದ್ದೇನೆ. ರೊಕ್ಕ ಕೊಡುವವರಿಗೆ ವಿವರವೂ ಬೇಕು. ನಲ್ಲಿ ಬಂದ್ ಮಾಡಿ, ಪಂಪಿನ ಸುತ್ತ ಡೀಸೆಲ್ ಮತ್ತು ಬ್ರಶ್‌ನಿಂದ ತೊಳೆದ ಮೇಲೆಯೇ ಪಾನಾ ಹಾಕಬೇಕು. ಬಿಚ್ಚಿದ ಪೈಪುಗಳ ಬಾಯಿಗೆ ಸ್ವಚ್ಛ ಪ್ಲಾಸ್ಟಿಕ್ ಕಟ್ಟಿ.

ಪಂಪ್ ಎತ್ತಿದಾಗ ಅದರ ಬುಡದಲ್ಲಿ ಕಾಗದದಷ್ಟು ತೆಳ್ಳಗಿನ ತಗಡುಗಳು ಕಾಣುತ್ತವೆ. ಇವೇ ಶಿಮ್. ಇವನ್ನು ಎಣಿಸಿ, ತಂತಿಯಲ್ಲಿ ಪೋಣಿಸಿಡಿ. ಡೀಸೆಲ್ ಯಾವ ಗಳಿಗೆಯಲ್ಲಿ ಸಿಡಿಯಬೇಕೆಂಬುದು ಇವುಗಳ ದಪ್ಪದ ಮೇಲಿದೆ. ಶಿಮ್ ಹೆಚ್ಚಾದರೆ ಪಂಪ್ ಕ್ಯಾಮಿನಿಂದ ದೂರವಾಗಿ ಡೀಸೆಲ್ ತಡವಾಗಿ ಬೀಳುತ್ತದೆ. ಹೊಗೆ ಹೆಚ್ಚು, ಬಲ ಕಡಿಮೆ. ಶಿಮ್ ಕಡಿಮೆಯಾದರೆ ಮುಂಚೆ ಬಿದ್ದು ಎಂಜಿನ್ ಕಟಕಟ ಬಡಿಯುತ್ತದೆ. ಹೊಸ ಪಂಪ್ ಹಾಕಿಸಿದ ಮೇಲೆ "ಮೊದಲಿನಂಗ ಜೋರ್ ಇಲ್ಲರಿ" ಎಂಬ ದೂರು ಬಂದರೆ ಮೊದಲು ಇವನ್ನೇ ಎಣಿಸಿ ನೋಡಿ.

ಕೂಡಿಸುವಾಗ ಪಂಪಿನ ಪಕ್ಕದ ಪಿನ್ ಗವರ್ನರಿನ ಕವಲಿನಲ್ಲಿ ಕೂಡ್ರಲೇಬೇಕು. ತಪ್ಪಿದರೆ ಎಂಜಿನ್ ಹಿಡಿತ ತಪ್ಪಿ ವೇಗ ಏರುತ್ತಲೇ ಹೋಗಬಹುದು, ಆಕ್ಸಿಲೇಟರ್ ತಗ್ಗಿಸಿದರೂ ನಿಲ್ಲುವುದಿಲ್ಲ. ಅದಕ್ಕೆ ಮೊದಲ ಸಲ ಚಾಲೂ ಮಾಡುವಾಗ ಏರ್ ಫಿಲ್ಟರಿನ ಬಾಯಿ ಮುಚ್ಚಲು ಒಂದು ಹಲಗೆ ಕೈಯಲ್ಲಿರಲಿ. ಬರಿಗೈಯಿಂದ ಮುಚ್ಚಬೇಡಿ. ಮಕ್ಕಳನ್ನು ದೂರ ಕಳಿಸಿ.

ನಾಟಿ ಮುಗಿದು ಗಾಡಿ ನಿಲ್ಲಿಸುವಾಗ ಟಾಕಿ ತುಂಬಿಸಿಯೇ ನಿಲ್ಲಿಸಿ. ಖಾಲಿ ಟಾಕಿಯ ಗೋಡೆಗೆ ನಮ್ಮ ಖಾನಾಪುರದ ತೇವ ನೀರಾಗಿ ಇಳಿಯುತ್ತದೆ. ಫಿಲ್ಟರ್ ಬಟ್ಟಲಿನ ತಳದ ನೀರು ಚೆಲ್ಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ.

ಈ ತಿಂಗಳ ಸಭೆಗೆ ಬರುವಾಗ ಟಿಲ್ಲರ್ ಇರುವ ಸಂಘದವರು ತಮ್ಮ ಪಂಪಿನ ನಂಬರ್ ಮತ್ತು ಫಿಲ್ಟರ್ ಬದಲಿಸಿದ ತಾರೀಖು ಬರೆದು ತನ್ನಿ. ಮುಂದೆ ದುರಸ್ತಿಯಾದಾಗ ಶಿಮ್ ಎಷ್ಟಿದ್ದವು, ಹಳೆಯ ಸಾಮಾನು ವಾಪಸ್ ಬಂತೋ ಇಲ್ಲವೋ ಎಂಬುದನ್ನೂ ರಶೀದಿಯ ಜೊತೆ ಠರಾವು ಪುಸ್ತಕದಲ್ಲಿ ಬರೆಯಿರಿ.